ಮೆಣಸಿನಕಾಯಿ ಚೀಲಕ್ಕೆ ಜೀವ ತುಂಬುವವರು

ನನ್ನ ಹೆಂಡತಿಯ ಅಕ್ಕ ಮೆಣಸಿನಕಾಯಿ ಚೀಲಗಳಿಗೆ ಜೀವ ತುಂಬುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಬ್ಯಾಡಗಿಯ ಮಹಿಳಾ ಸಂಘದಲ್ಲಿ ಒಂದು ದಿನ, ಕರೆಂಟ್ ಹೊಡೆದವರಿಗೆ ಎದೆ ಒತ್ತಿ ಉಸಿರು ಬರಿಸುವ ಪ್ರಥಮ ಚಿಕಿತ್ಸೆ ಕಲಿಸಿದರು. ಉಳಿದ ಹೆಂಗಸರು ಉಪ್ಪಿಟ್ಟು ತಿಂದು ಮನೆಗೆ ಬಂದರು. ಇವರು ವಿದ್ಯೆಯನ್ನೂ ಹೊತ್ತು ತಂದರು. ಆದರೆ ಎದೆ ಒತ್ತಿಸಿಕೊಳ್ಳಲು ದಿನಾ ಯಾರು ಅಂಗಾತ ಮಲಗುತ್ತಾರೆ? ತೊಟ್ಟು ಬಿಡಿಸಲು ತಂದಿಟ್ಟ ಮೆಣಸಿನಕಾಯಿ ಚೀಲವೇ ರೋಗಿಯಾಯಿತು. ಒಂದು, ಎರಡು, ಮೂರು ಎಂದು ಅವರು ಒತ್ತುವುದು, ಚೀಲದಿಂದ ಘಾಟು ಏಳುವುದು, ಮೂವತ್ತಕ್ಕೆ ಬರುವಷ್ಟರಲ್ಲಿ ಓಣಿಯೆಲ್ಲ ಸೀನುವುದು.

“ಅಕ್ಕಾರ, ರೋಗಿ ಉಳಿದ್ನೇನ್ರಿ?” ಎಂದು ಮೂಗೊರೆಸಿಕೊಳ್ಳುತ್ತ ಕೇಳುತ್ತಿದ್ದೆ.

“ನೀವಂತೂ ಸೀನಾಕತ್ತೀರಲ್ಲ, ಅಷ್ಟ ಸಾಕು.”

ಅವರ ಮಗಳನ್ನು ನೋಡಲು ರಾಣೆಬೆನ್ನೂರಿನಿಂದ ಗಂಡು ಬಂದಾಗ ಅಕ್ಕ ಅವನ ಸಂಬಳ ಕೇಳಲಿಲ್ಲ. “ಹೇಣ್ತಿಗೆ ಕರೆಂಟ್ ಹಿಡೀತು ಅನ್ರಿ. ಏನ್ ಮಾಡ್ತೀರಿ?” ಎಂದರು.

“ಕೈ ಹಿಡದು ಜಗ್ತೇನ್ರಿ.”

“ಹಂಗಾರ ಎರಡು ಹೆಣ. ಮೊದ್ಲ ಮೇನ್ ಬಂದ್ ಮಾಡಬೇಕು.”

ಗಂಡು ಪಾಠ ಒಪ್ಪಿಸಿದ ಮೇಲೆಯೇ ಚಹಾ ಬಂತು.

ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಹೈಸ್ಕೂಲು ಓದಿ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡವನಿಗೆ ಇನ್ನೊಬ್ಬರ ಪಾಠ ಬೇಕೇ? ನಮ್ಮ ಹಿತ್ತಲಿನ ಬಲ್ಬಿಗೆ ನಾನೇ ವೈರ್ ಎಳೆದಿದ್ದೆ. ಉದ್ದ ಸಾಲದ ಕಡೆ ತುಂಡು ಸೇರಿಸಿ, ಟೇಪಿನ ಬದಲು ಪ್ಲಾಸ್ಟಿಕ್ ಚೀಲದ ಚೂರು ಸುತ್ತಿದ್ದೆ. ಅದಕ್ಕೆ ತಾಗಿಯೇ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ. ಬದಲಿಸಿರೆಂದು ಅಕ್ಕ ಮೂರು ಸಲ ಹೇಳಿದ್ದರು. “ನೀವು ನಿಮ್ಮ ಚೀಲ ನೋಡ್ಕೋರಿ” ಎಂದಿದ್ದೆ.

ಒಂದು ಬೆಳಿಗ್ಗೆ ಹೆಂಡತಿ ಒದ್ದೆ ಸೀರೆ ಹರವಲು ಹೋಗಿ ಆ ತಂತಿಗೇ ಅಂಟಿಕೊಂಡಳು. ಕೈ ಹಿಡಿದು ಜಗ್ಗಲು ಓಡಿದೆ. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಓಡಿಬಂದ ಅಕ್ಕ ನನ್ನ ಅಂಗಿ ಹಿಡಿದು ಹಿಂದಕ್ಕೆಸೆದು, “ಮುಟ್ಟಬ್ಯಾಡ್ರಿ” ಎನ್ನುತ್ತ ಹೋಗಿ ಮೇನ್ ಬಂದ್ ಮಾಡಿದರು. ಹೆಂಡತಿ ನೆಲಕ್ಕೆ ಬಿದ್ದಳು. ಉಸಿರಿರಲಿಲ್ಲ.

ಓಣಿಯವರೊಬ್ಬರು ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ತಂದರು. ಇನ್ನೊಬ್ಬರು, ಮೈಯೆಲ್ಲ ಮಣ್ಣಿನಲ್ಲಿ ಮುಚ್ಚಿದರೆ ಕರೆಂಟ್ ಇಳಿಯುತ್ತದೆಂದು ಬುಟ್ಟಿ ಮಣ್ಣು ತಂದರು.

“ಹುಗಿಯೂದು ಸತ್ತಮ್ಯಾಲೆ. ಲಗೂನ ಆಂಬುಲೆನ್ಸಿಗೆ ಫೋನ್ ಹಚ್ರಿ” ಎಂದು ಅಕ್ಕ ತಂಗಿಯ ಎದೆಯ ಮೇಲೆ ಕೈಯಿಟ್ಟು ಒತ್ತತೊಡಗಿದರು. ಒಂದು, ಎರಡು, ಮೂರು. ಎಷ್ಟು ಮೂವತ್ತುಗಳಾದವೋ ತಿಳಿಯದು. ಕೊನೆಗೊಮ್ಮೆ ಅವಳು ಉಸಿರೆಳೆದಳು.

ಹಾವೇರಿಯ ಆಸ್ಪತ್ರೆಯಲ್ಲಿ ಸಂಜೆ ಕಣ್ಣುಬಿಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ. ವೈರನ್ನು ಇಲಿ ಕಡಿದಿತ್ತೆಂದು ಅಷ್ಟರೊಳಗೆ ಎಲ್ಲರಿಗೂ ಹೇಳಿಬಿಟ್ಟಿದ್ದೆ.

“ಅಕ್ಕಾರ, ಇಲಿ ಅಲ್ರಿ. ತಪ್ಪು ನಂದು.”

“ಗೊತ್ತೈತಿ.” ಅವರು ತಂಗಿಯ ಮಂಚದ ಪಕ್ಕದಿಂದ ಸರಿದು ಜಾಗ ಮಾಡಿದರು. “ಅದನ್ನ ಆಕಿಗೇ ಹೇಳೀರಂತ. ದೂರ ಯಾಕ ನಿಂತೀರಿ? ಬರ್ರಿ, ಈಗ ಕೈ ಹಿಡೀರಿ. ಏನೂ ಆಗೂದಿಲ್ಲ.”