ಜನರಲ್ ಸಾಹೇಬರ ಎದೆ

ಎಲ್ಲಕ್ಕೂ ಮೂಲ ಒಂದು ಗುಂಡಿ. ಸೇನೆಯ ಕೇಂದ್ರ ಕಚೇರಿಯ ಸ್ಟುಡಿಯೋದಲ್ಲಿ ಜನರಲ್ ಸಾಹೇಬರು ಉಸಿರು ಬಿಗಿಹಿಡಿದು ಕೂತಿದ್ದರು. ಕ್ಯಾಮೆರಾ ಕ್ಲಿಕ್ ಎನ್ನುವುದಕ್ಕೂ ಕೋಟಿನ ನಡುಗುಂಡಿ ಹಾರಿ ಫೋಟೋಗ್ರಾಫರನ ಹಣೆಗೆ ಬಡಿಯುವುದಕ್ಕೂ ಸರಿಹೋಯಿತು. ಯುದ್ಧವನ್ನೇ ಕಾಣದ ಆ ಸೇನೆಯಲ್ಲಿ ಗಾಯಗೊಂಡವನು ಅವನೊಬ್ಬನೇ.

ಸಾಹೇಬರು ಕೋಟು ಬಿಚ್ಚಿ ಎಸೆದರು. ಮುಖ ಬಂದಿದೆಯಲ್ಲ, ಮಿಕ್ಕದ್ದು ನೀನೇ ನೋಡಿಕೋ ಎಂದು ಊಟಕ್ಕೆ ಹೊರಟೇಬಿಟ್ಟರು. ಸಂಜೆ ಮಂತ್ರಿಗಳು ಬರುವ ಮೊದಲು ಪಟ ಹಜಾರದ ಗೋಡೆಯ ಮೇಲಿರಬೇಕೆಂದು ಕರ್ನಲ್ ಅಪ್ಪಣೆ ಕೊಟ್ಟ. ಚೆನ್ನಾಗಿ ಬಂದರೆ ಕೆಲಸ ಖಾಯಂ, ಕೆಟ್ಟರೆ ಮನೆ. ಹಂಗಾಮಿಯಾಗಿಯೇ ಕೂದಲು ನರೆಸಿಕೊಂಡಿದ್ದ ಫೋಟೋಗ್ರಾಫರ ನೆಲದಿಂದ ಕೋಟು ಎತ್ತಿಕೊಂಡ.

ಸಲಹೆಗಾರರು ನೆರೆದರು. ಕೋಟನ್ನು ದಿಂಬಿಗೆ ತೊಡಿಸು ಎಂದ ಗುಮಾಸ್ತ. ತೊಡಿಸಿದರೆ ಸೇನಾಧಿಪತಿ ನೆನೆದು ಒಣಗಲು ಹಾಕಿದ ಹಾಸಿಗೆಯಂತೆ ಕಂಡರು. ಅಡುಗೆಯವ ತನ್ನ ಎದೆ ಕೊಡಲು ಬಂದ. ಅದು ಸಾಹೇಬರದಕ್ಕಿಂತ ಒಂದು ಸುತ್ತು ಹೆಚ್ಚು. ಕೊನೆಗೆ ಗುಂಡಿ ಹೊಲಿಯಲು ಬಂದ ದರ್ಜಿ ಸಲಹೆಗಾರರನ್ನೆಲ್ಲ ಹೊರಗಟ್ಟಿ ಅಗುಳಿ ಹಾಕಿದ.

"ಸಾಹೇಬ್ರು ತೆಳ್ಳಗಿದ್ದಾಗ ನಾನೇ ಹೊಲಿದಿದ್ದು. ನೀನೇ ಹಾಕ್ಕೋ ಅಣ್ಣಾ. ಮೇಲಿರೋ ತಲೆ ಯಾರದು ಅಂತ ಕೋಟಿಗೇನು ಗೊತ್ತು?"

ಫೋಟೋಗ್ರಾಫರ ಹಾಕಿಕೊಂಡ. ಹಂಗಾಮಿ ಸಂಬಳದಲ್ಲಿ ಬೆಳೆದ ಮೈಗೆ ಹೊಟ್ಟೆ ಎಂಬುದೇ ಇರಲಿಲ್ಲ. ಕೋಟು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ದರ್ಜಿ ಕ್ಯಾಮೆರಾ ಒತ್ತಿದ. ಕಂಪ್ಯೂಟರಿನಲ್ಲಿ ಸಾಹೇಬರ ಮುಖಕ್ಕೆ ಫೋಟೋಗ್ರಾಫರನ ಮೈ ಕೂಡಿತು.

ಸಂಜೆ ಸಾಹೇಬರು ಪಟದ ಮುಂದೆ ಬಹಳ ಹೊತ್ತು ನಿಂತು, ಇದೇ ನಾನು, ಇಷ್ಟು ದಿನ ಕನ್ನಡಿಗಳದ್ದೇ ತಪ್ಪು ಎಂದರಂತೆ. ಕರ್ನಲ್ ನಗುತ್ತಲೇ ಸ್ಟುಡಿಯೋಗೆ ಬಂದ.

"ಭೇಷ್ ಕಣಯ್ಯ. ಎಲ್ಲಾ ಅಧಿಕಾರಿಗಳಿಗೂ ಇದೇ ಎದೆ ಬೇಕಂತೆ. ಇನ್ಮೇಲೆ ಗೋಡೆ ತುಂಬಾ ಇದೇ."

"ಹಾಗಾದ್ರೆ ಖಾಯಂ ಆಯ್ತಾ ಸರ್?"

"ಎದೆ ಖಾಯಂ ಆಯ್ತು. ಕಡತದಲ್ಲಿರೋ ಮುಖ ಅಂಟಿಸೋಕೆ ಗುಮಾಸ್ತ ಇದಾನೆ. ಇನ್ನು ಕ್ಯಾಮೆರಾ ಯಾಕೆ, ನೀನ್ಯಾಕೆ?"

ಆ ಎದೆ ಯಾರದೆಂದು ಹೇಳಲು ಅವನು ಬಾಯಿ ತೆರೆದ. ಪಕ್ಕದಲ್ಲಿದ್ದ ದರ್ಜಿ ಅವನ ಕಾಲು ತುಳಿದ. ಜನರಲ್ ಸಾಹೇಬರ ಸಮವಸ್ತ್ರ ತೊಟ್ಟವನಿಗೆ ಜೈಲು ಎಂಬುದು ನೆನಪಾಗಿ, ತೆರೆದ ಬಾಯಿಂದ "ಆಗ್ಲಿ ಸರ್" ಎಂದಷ್ಟೇ ಹೊರಬಿತ್ತು.

ಹೋಗುವಾಗ ಹಜಾರದಲ್ಲಿ, ಪಟದ ಕೆಳಗೆ, ಕಾಲು ತಾನಾಗಿ ನಿಂತಿತು. ಕಾವಲುಗಾರ ಮೊದಲು ಗೋಡೆಯ ಮೇಲಿನ ಎದೆಗೆ ಸೆಲ್ಯೂಟ್ ಹೊಡೆದ. ಆಮೇಲೆ ಕೆಳಗೆ ನಿಂತಿದ್ದ ಅದೇ ಎದೆಗೆ ಅಂಗೈ ಒತ್ತಿ, ಬಾಗಿಲಾಚೆಗೆ ತಳ್ಳಿದ.