ಎರ್ಸೀಲಿಯಾರ ಕಲ್ಲಂಗಡಿ

ಟಕ್. ಟಕ್. ಟಕ್.

ನಡುರಾತ್ರಿ ದಾಟಿದ ಮೇಲೆ ಅಡುಗೆಮನೆಯಿಂದ ಬಂದ ಸದ್ದಿಗೆ ಗಾಸ್ಪರೆಗೆ ಎಚ್ಚರವಾಯಿತು. ಕಳ್ಳನೇ ಇರಬೇಕು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಮಿರೆಲ್ಲಾಳನ್ನು ಎಬ್ಬಿಸಿ ಕಳಿಸೋಣವೇ ಎಂದು ಒಂದು ಕ್ಷಣ ಯೋಚಿಸಿದ. ಆಮೇಲೆ ನಾಚಿಕೆಯಾಗಿ, ತಾನೇ ಒಂದು ಚಪ್ಪಲಿ ಹಿಡಿದುಕೊಂಡು ಹೋದ.

ಕಳ್ಳನಲ್ಲ, ಅತ್ತೆ. ಎರ್ಸೀಲಿಯಾ ನೆಲದ ಮೇಲೆ ಕೂತು, ದೊಡ್ಡದೊಂದು ಕಲ್ಲಂಗಡಿಗೆ ಕಿವಿ ಹಚ್ಚಿ, ಡಾಕ್ಟರು ಕೆಮ್ಮಿನ ರೋಗಿಯ ಬೆನ್ನು ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು.

"ಉಸಿರಾಡಬೇಡ, ಕೇಳಿಸಲ್ಲ," ಎಂದರು.

ಗಾಸ್ಪರೆ ಉಸಿರು ಬಿಗಿಹಿಡಿದ.

"ಹ್ಞಾಂ! ಇದೇ. ಒಳಗೆ ಸಕ್ಕರೆ ಹೇಗೆ ಗುಂಯ್ ಅಂತಿದೆ ನೋಡು. ನಲವತ್ತು ವರ್ಷದಿಂದ ಈ ಕಿವಿ ನನಗೆ ಮೋಸ ಮಾಡಿಲ್ಲ. ಹೋದ ವರ್ಷ ಮಾತ್ರ ನೆಗಡಿಯಾಗಿತ್ತು."

ಹೋದ ವರ್ಷ ಫೆರ್ರಗೋಸ್ತೊ ದಿನ, ಅಂದರೆ ಊರೆಲ್ಲ ಕಡಲತೀರದಲ್ಲಿ ಉಣ್ಣುವ ಆಗಸ್ಟ್ ನಡುವಿನ ಮಾತೆ ಮರಿಯಳ ಹಬ್ಬದಂದು, ಪಕ್ಕದ ಕೊಡೆಯಡಿಯ ಪಾಲ್ಮೀರಾರ ಹಣ್ಣೇ ಹೆಚ್ಚು ಸಿಹಿ ಎಂದು ಪಿಯೆತ್ರಾನೇರದ ಕಡಲತೀರವೆಲ್ಲ ಒಪ್ಪಿಬಿಟ್ಟಿತ್ತು. ಆ ಅವಮಾನ ಅತ್ತೆಯ ಗಂಟಲಲ್ಲಿ ಇನ್ನೂ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅವರು ಕೆಂಪು ಉಣ್ಣೆಯ ದಾರವೊಂದನ್ನು ಹಣ್ಣಿನ ತೊಟ್ಟಿಗೆ ಸುತ್ತಿ, ಪಾಲ್ಮೀರಾರ ದೃಷ್ಟಿ ತಾಗದಿರಲೆಂದು ಮೂರು ಗಂಟು ಹಾಕಿದರು.

"ನಾಳೆ ಹಬ್ಬಕ್ಕೆ ಇದನ್ನ ನೀರಲ್ಲಿ ತಂಪಿಗಿಡೋದು ನಿನ್ನ ಕೆಲಸ. ಇದು ಹಣ್ಣಲ್ಲ ಗಾಸ್ಪರೆ, ನನ್ನ ಮರ್ಯಾದೆ."

ಗಾಸ್ಪರೆಯ ಎದೆ ತುಂಬಿ ಬಂತು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನೆಯಲ್ಲಿ ಅವನ ಕೈಗೆ ಕುರ್ಚಿ ಮಡಚುವುದಕ್ಕಿಂತ ದೊಡ್ಡ ಕೆಲಸ ಬಂದಿರಲಿಲ್ಲ.

ಬೆಳಿಗ್ಗೆ ಅವನು ಹಣ್ಣನ್ನು ಈರುಳ್ಳಿಯ ಬಲೆಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕಡಲತೀರದ ಕರಿಬಂಡೆಗಳ ನಡುವಿನ ನೀರಿನಲ್ಲಿ ಇಳಿಬಿಟ್ಟ. ಪಕ್ಕದಲ್ಲೇ ಪಾಲ್ಮೀರಾರ ಹಣ್ಣೂ ಅಂಥದೇ ಚೀಲದಲ್ಲಿ ತೇಲುತ್ತಿತ್ತು.

"ಗಂಟು ಬಿಗಿಯಾಗಿದೆಯಾ?" ಅತ್ತೆ ದಂಡೆಯಿಂದಲೇ ಕೂಗಿದರು.

"ಅತ್ತೆ, ವರ್ಷವೆಲ್ಲ ಪಾರ್ಸಲ್ ಕಟ್ಟೋನಿಗೆ ಈ ಮಾತಾ?"

ಆಮೇಲೆ ಊಟ. ಒಲೆಯಲ್ಲಿ ಬೇಯಿಸಿದ ಪಾಸ್ತಾ, ಬದನೆಕಾಯಿ ಚೀಸಿನ ಪದರ, ಹೂರಣ ತುಂಬಿದ ದೊಣ್ಣೆಮೆಣಸಿನಕಾಯಿ. ಬೇಡ ಎಂದರೆ ಅತ್ತೆಗೆ ನೋವು, ಸಾಕು ಎಂದರೆ ಹೆಂಡತಿಗೆ ಕೋಪ. ಹೊಟ್ಟೆ ಡೋಲಿನಂತಾಗಿ, ಗಾಸ್ಪರೆ ಕೊಡೆಯ ನೆರಳಲ್ಲಿ ಅರೆಗಣ್ಣು ಮುಚ್ಚಿದ. ದೂರದಲ್ಲಿ, ಬಂಡೆಗಳಾಚೆ, ಯಾರೋ ಹಸಿರು ಬೋಳುತಲೆಯವರು ನಿಧಾನವಾಗಿ ಈಜುತ್ತಿದ್ದರು.

ಹಸಿರು?

ಗಾಸ್ಪರೆ ಬಾಣ ಬಿಟ್ಟಂತೆ ಎದ್ದು ನೀರಿನ ಕಡೆ ಓಡಿದ. ಹಿಮ್ಮಡಿ ಒದ್ದೆಯಾಗಿತ್ತೋ ಇಲ್ಲವೋ, ಹಿಂದಿನಿಂದ ಕಿರುಚಾಟ ಕೇಳಿಸಿತು.

"ಊಟ ಮಾಡಿದ್ದಾನೆ! ಊಟ ಮಾಡಿ ನೀರಿಗಿಳೀತಿದ್ದಾನೆ!"

ಮಿರೆಲ್ಲಾ ಓಡಿಬಂದು ತೋಳು ಹಿಡಿದಳು. "ಜೀರ್ಣ ಆಗೋಕೆ ಮೂರು ಗಂಟೆ ಬೇಕು ಅಂತ ಗೊತ್ತಿಲ್ವಾ? ಮಕ್ಕಳನ್ನ ತಬ್ಬಲಿ ಮಾಡ್ತೀಯಾ?"

"ಬರೀ ಕಾಲು ತೊಳ್ಕೋತೀನಿ ಕಣೇ."

"ಕಾಲಿಂದಲೇ ಶುರುವಾಗೋದು!" ಎಂದರು ಪಾಲ್ಮೀರಾ. "ನಮ್ಮ ದೊಡ್ಡಪ್ಪನ ಮಗ ಹೀಗೇ ಕಾಲು ತೊಳೆಯೋಕೆ ಹೋದ. ಪಾಪ, ಎಷ್ಟು ಒಳ್ಳೆ ಹುಡುಗ."

ನಿಜ ಹೇಳುವಂತಿಲ್ಲ. ಅತ್ತೆ ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಗಾಸ್ಪರೆ ಮುಗುಳ್ನಕ್ಕು ವಾಪಸು ಬಂದು, ಯಾರೂ ನೋಡದಾಗ ಬಂಡೆಗಳ ಹಿಂದಿನಿಂದ ಮೆಲ್ಲಗೆ ಇಳಿದ. ಸೊಂಟದವರೆಗೆ ನೀರು ಬಂತು. ಇನ್ನು ಹತ್ತು ಮಾರು ಹೋದರೆ ಮರ್ಯಾದೆ ಕೈಗೆ ಸಿಗುತ್ತಿತ್ತು. ಅಷ್ಟರಲ್ಲಿ ಪಾಚಿಯ ಮೇಲೆ ಕಾಲು ಜಾರಿ, "ಅಯ್ಯೋ!" ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಇಡೀ ತೀರ ನೆರೆಯಿತು. ಅವನನ್ನು ಎಳೆದು ತಂದು, ಉರಿಬಿಸಿಲಿನಲ್ಲಿ ನಾಲ್ಕು ಟವೆಲ್ ಸುತ್ತಿ, ಬಿಸಿ ನಿಂಬೆನೀರು ಕುಡಿಸಿದರು. ಪಾಲ್ಮೀರಾರ ಗಂಡ ಸಾವೇರಿಯೊ ನಾಡಿ ಹಿಡಿದು ನೋಡಿದರು.

"ಮುಖ ಬಿಳುಚಿಕೊಂಡಿದೆ."

"ಬಿಳುಪಲ್ಲ, ಹಳದಿ."

"ಬದನೆಕಾಯಿ ಇನ್ನೂ ಎದೆ ಹತ್ರಾನೇ ನಿಂತಿದೆ," ಎಂದು ಅತ್ತೆ ತೀರ್ಪು ಕೊಟ್ಟರು.

ಟವೆಲ್ಲುಗಳ ಸಂದಿಯಿಂದ ಗಾಸ್ಪರೆ ನೋಡುತ್ತಲೇ ಇದ್ದ. ಮರ್ಯಾದೆ ಮೀನುಗಾರರ ದೋಣಿಗಳತ್ತ ತೇಲಿ ಹೋಗಿ ಮರೆಯಾಯಿತು.

ಬಿಸಿಲು ಇಳಿಯಿತು. "ಗಾಸ್ಪರೆ, ಹಣ್ಣು ತಾರಪ್ಪ," ಎಂದರು ಅತ್ತೆ.

ಬಂಡೆಯ ಹತ್ತಿರ ಅವನ ಚೀಲ ಬಾಯ್ದೆರೆದು ನಗುತ್ತಿತ್ತು. ಪಾಲ್ಮೀರಾರ ಹಣ್ಣು ಮಾತ್ರ ಸಾಧುವಿನಂತೆ ತನ್ನ ಚೀಲದಲ್ಲಿ ಕೂತಿತ್ತು. ಗಾಸ್ಪರೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೊನೆಗೆ ಆಕಾಶವನ್ನೂ ನೋಡಿದ, ಮಾತೆ ಮರಿಯಳ ಹಬ್ಬವಾದ್ದರಿಂದ. ಆಮೇಲೆ ಆ ಚೀಲದ ಗಂಟು ಬಿಚ್ಚಿದ.

ಅತ್ತೆ ಹಣ್ಣಿಗೆ ಕಿವಿಯಿಟ್ಟು ತಟ್ಟಿದರು. ಗಾಸ್ಪರೆ ಈಗ ನಿಜವಾಗಿಯೂ ಹಳದಿಯಾದ.

"ದಾರ ಎಲ್ಲಿ?"

"ಸಮುದ್ರ... ಸಮುದ್ರ ತಗೊಂಡಿತು, ಅತ್ತೆ."

"ತಗೊಳ್ಳಲಿ. ಅದೇ ಸದ್ದು! ಸಾವಿರ ಹಣ್ಣಿನಲ್ಲಿಟ್ಟರೂ ಗುರುತು ಹಿಡೀತೀನಿ!"

ಚಾಕು ತಗುಲುತ್ತಲೇ ಹಣ್ಣು ಚರಕ್ಕೆಂದು ಬಿರಿಯಿತು. ಕಡುಗೆಂಪು. ಜೇನು. ಅತ್ತೆ ಅತಿ ದೊಡ್ಡ ಹೋಳನ್ನು ಪಕ್ಕದ ಕೊಡೆಗೆ ತಾವೇ ಒಯ್ದರು. ಪಾಲ್ಮೀರಾ ತಿಂದರು, ಬೀಜ ಉಗಿದರು, ಸಿಪ್ಪೆಯ ಬಿಳಿ ಕಾಣುವವರೆಗೂ ಕಚ್ಚಿದರು.

"ಈ ವರ್ಷ ನಿನ್ನದೇ, ಎರ್ಸೀಲಿಯಾ. ಸುಳ್ಳು ಯಾಕೆ ಹೇಳಲಿ? ಆದರೂ ನಮ್ಮದನ್ನೂ ನೋಡಿಬಿಡೋಣ. ಸಾವೇರಿಯೊ, ತಗೊಂಡು ಬಾ."

ಗಾಸ್ಪರೆ ಮರಳಿನಲ್ಲಿ ಹೂತುಹೋಗಲು ಜಾಗ ಹುಡುಕಿದ.

ಸಾವೇರಿಯೊ ಹೋದರು. ಬರಲು ತಡವಾಯಿತು. ಬಂದಾಗ, ಅವರ ಕಂಕುಳಲ್ಲಿ ಒಂದು ಕಲ್ಲಂಗಡಿ!

"ಚೀಲದಿಂದ ತಪ್ಪಿಸಿಕೊಂಡು ತೇಲಿ ಹೋಗಿತ್ತು ಕಣೇ! ದೋಣಿಯವರು ಹಿಡಿದು ತಂದರು, ಪುಣ್ಯಾತ್ಮರು."

ತೊಟ್ಟಿನಲ್ಲಿ ಕೆಂಪು ದಾರ ಒದ್ದೆಯಾಗಿ ಅಂಟಿಕೊಂಡಿತ್ತು. ಗಾಸ್ಪರೆ ಹಾರಿದ. "ಕೊಡಿ ಸಾವೇರಿಯೊ, ಭಾರ ಇದೆ, ನಾನು ಹಿಡೀತೀನಿ," ಎಂದು ತಬ್ಬಿಕೊಂಡು, ದಾರವನ್ನು ಕಿತ್ತು ಮುಷ್ಟಿಯಲ್ಲಿ ಅಡಗಿಸಿದ.

ಹಣ್ಣು ಕತ್ತರಿಸಿದರು. ಒಳಗೆ ಬೆಳ್ಳಗೆ, ಸೌತೆಕಾಯಿಯ ಸೋದರನಂತಿತ್ತು. ಅತ್ತೆ ಒಂದು ತುಣುಕು ಬಾಯಿಗಿಟ್ಟು, ನಯವಾಗಿ, ಇಡೀ ತೀರಕ್ಕೆ ಕೇಳಿಸುವಂತೆ ಹೇಳಿದರು, "ಪಾಲ್ಮೀರಾ, ಉಪ್ಪು ಹಾಕಿದರೆ ಪಲ್ಯ ಆಗುತ್ತೆ. ಇಂಥದನ್ನ ಆರಿಸಿದ ಕಿವಿ ಯಾವುದೋ, ಪಾಪ!"

ಗಾಸ್ಪರೆಗೆ ನಗು ಉಕ್ಕಿ ಬಂತು. ತನ್ನ ಸಡಿಲ ಗಂಟು ಅತ್ತೆಯ ಮಾನ ಉಳಿಸಿತ್ತು! ಈ ಮನೆಯಲ್ಲಿ ಮೊದಲ ಸಲ ಅವನ ಕೈಯಲ್ಲೂ ಒಂದು ಅಸ್ತ್ರವಿತ್ತು. ಇನ್ನು ಕುರ್ಚಿ ಮಡಚು ಎಂದು ಹೇಳಲಿ, ನೋಡೋಣ.

ಸಂಜೆ ಸಾಮಾನು ಕಟ್ಟುವಾಗ ಅತ್ತೆ ಹತ್ತಿರ ಬಂದು ಅಂಗೈ ಚಾಚಿದರು.

"ದಾರ ಕೊಡು."

"ಯಾವ ದಾರ?"

"ನನಗೆ ಕಿವಿ ಮೋಸ ಮಾಡಿದರೂ ಕಣ್ಣು ಮಾಡಲ್ಲ."

ಗಾಸ್ಪರೆ ಮುಷ್ಟಿ ಬಿಚ್ಚಿದ. ಬೆವರಿನಲ್ಲಿ ಕರಗಿದ ಬಣ್ಣ ಅಂಗೈಗೆಲ್ಲ ಹತ್ತಿತ್ತು.

"ನನ್ನ ಕಿವಿಯ ಮಾತು ನಿನ್ನ ಬಾಯಿಂದ ಬಂದರೆ," ಅತ್ತೆ ದಾರವನ್ನು ಪ್ರೀತಿಯಿಂದ ಸುರುಳಿ ಸುತ್ತಿದರು, "ಮಾತೆಯ ಹಬ್ಬದ ದಿನ ಪಾಲ್ಮೀರಾಳ ಹಣ್ಣು ಕದ್ದ ಅಳಿಯನ ಮಾತು ನನ್ನ ಬಾಯಿಂದ ಬರುತ್ತೆ. ಒಳ್ಳೆ ಕೆಲಸ ಮಾಡಿದೆ, ಮಗನೇ." ಅವನ ಕೆನ್ನೆ ಹಿಂಡಿದರು. "ಈಗ ಕುರ್ಚಿಗಳನ್ನ ಮಡಚು. ಅವರದ್ದನ್ನೂ."

ಎರಡೂ ಮನೆಯ ಕುರ್ಚಿಗಳನ್ನು ಹೊತ್ತು ಗಾಸ್ಪರೆ ದಿಬ್ಬ ಹತ್ತಿದ. ಯಾರಿಗೂ ಹೇಳಬಾರದು, ಮಿರೆಲ್ಲಾಳಿಗೂ ಸಹ, ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಈ ಸಲ ಬಿಗಿಯಾಗಿ.

"ಯಾಕೆ ಇಷ್ಟು ಸುಮ್ಮನಿದ್ದೀಯ?" ಮಿರೆಲ್ಲಾ ಕೇಳಿದಳು.

"ಏನಿಲ್ಲ," ಎಂದ ಗಾಸ್ಪರೆ. "ಇನ್ನೂ ಜೀರ್ಣ ಆಗ್ತಿದೆ."