ಕಿವಿ ಅಣಬೆಯ ಹಿಂದೆ ಬಿದ್ದು ಪಟ್ಟ ಫಜೀತಿ

ಮಳೆಗಾಲದಲ್ಲಿ ಕೊಳೆತ ಮರದ ಮುಂದೆ ಮೊಣಕಾಲೂರಿ ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ಪುಣೆಯ ಒಂದು ಕಾಲೇಜಿನಲ್ಲಿ ಗಿಡ, ಬಳ್ಳಿ, ಅಣಬೆಗಳನ್ನು ಒಣಗಿಸಿ ಹೆಸರು ಬರೆದಿಡುವ ಸಸ್ಯಸಂಗ್ರಹವಿತ್ತು. ಗೋಕಾಕ, ಹುಕ್ಕೇರಿ ಕಡೆಯಿಂದ, ಮರಕ್ಕೆ ಲೋಳೆಲೋಳೆಯಾಗಿ ಅಂಟಿಕೊಳ್ಳುವ ಅಣಬೆಗಳನ್ನು ಕೂಡಿಸಿ ಅಲ್ಲಿಗೆ ಕಳಿಸುವ ಕೆಲಸ ನನ್ನದು. ಆಗ ಈ ಸೀಮೆಯಲ್ಲಿ ಅವನ್ನು ನನ್ನಷ್ಟು ಬಲ್ಲವರು ಇರಲಿಲ್ಲ. ಬೇರೆ ಯಾರೂ ಹುಡುಕುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

೧. ಮೊದಲ ಪೆಟ್ಟಿಗೆ

ಈ ಅಣಬೆಗಳು ಹಸಿಯಿದ್ದಾಗ ಅಂಗೈಯಗಲ, ಒಣಗಿದರೆ ಉಗುರಿನಷ್ಟು. ನೀರು ಬಿದ್ದರೆ ಮತ್ತೆ ಮೊದಲಿನಂತೆ ಉಬ್ಬುತ್ತವೆ. ಗೋಕಾಕದ ಜಲಪಾತದ ಬಾಜೂ ಅಡವಿಯಲ್ಲಿ ಎರಡು ತಿಂಗಳು ತಿರುಗಿ ಮೂವತ್ತು ಪೊಟ್ಟಣ ಕಟ್ಟಿದೆ. ಪ್ರತಿಯೊಂದರಲ್ಲೂ ಹೆಸರಿನ ಚೀಟಿ ಇಟ್ಟೆ. ಚೀಟಿಯನ್ನು ಪೆನ್ಸಿಲಿನಿಂದಲೇ ಬರೆಯಬೇಕೆಂದು ಪುಣೆಯ ಪ್ರೊಫೆಸರರು ಹೇಳಿದ್ದರು. ನನ್ನ ಮುತ್ತಿನಂಥ ಅಕ್ಷರಕ್ಕೆ ಪೆನ್ಸಿಲು ಸಾಲದೆಂದು ನಾನು ಶಾಯಿಯಲ್ಲಿ ಬರೆದೆ.

ಅಲ್ಲಿ ಹೊಸದಾಗಿ ಸೇರಿದ್ದ ಕಾರಕೂನರಿಂದ ಕಾರ್ಡು ಬಂತು: ‘ಪೆಟ್ಟಿಗೆ ತಲುಪಿತು. ಒಳಗೆ ಬರೀ ಸಿಪ್ಪೆ ಇದೆ. ಅಣಬೆ ಎಲ್ಲಿ?’

ನಾನು ನಗುತ್ತಲೇ ಉತ್ತರ ಬರೆದೆ: ‘ನೀರು ಹಾಕಿ ನೋಡಿರಿ.’

ಪುಣ್ಯಾತ್ಮರು ಚೀಟಿಗಳನ್ನು ತೆಗೆಯದೆ ಇಡೀ ಪೆಟ್ಟಿಗೆಗೆ ನೀರು ಹಾಕಿದರು. ವಾರದಲ್ಲಿ ಇನ್ನೊಂದು ಕಾರ್ಡು: ‘ಹಾಕಿದೆ. ಅಣಬೆ ಬಂದವು. ಹೆಸರು ಹೋದವು.’

೨. ಊರಿನವರು ಇಟ್ಟ ಹೆಸರು

ಪ್ರತಿ ಅಣಬೆಯ ಮುಂದೆ ಅದರ ಸ್ಥಳೀಯ ಹೆಸರನ್ನೂ ಬರೆಯಬೇಕಿತ್ತು. ಘೋಡಗೇರಿಯಲ್ಲಿ ಕಟಗಿ ಒಡೆಯುತ್ತಿದ್ದ ಹಿರಿಯರೊಬ್ಬರಿಗೆ ಹಳದಿ ಲೋಳೆಯ ತುಣುಕೊಂದನ್ನು ತೋರಿಸಿದೆ.

“ಕಾಕಾ, ಇದಕ್ಕ ನಿಮ್ಮೂರಾಗ ಏನಂತೀರಿ?”

“ಏನೂ ಅನ್ನೂದಿಲ್ರಿ.”

“ಹಂಗಲ್ರಿ. ಕಂಡಾಗ ಏನರ ಅಂತೀರಲ್ಲ?”

“ಯಾಕ ಅನ್ನೋಣ್ರಿ? ಅದು ನಮಗೇನ ಅಂದೈತಿ?”

ಅವರ ಮೊದಲ ಉತ್ತರವನ್ನು ಹಾಗೆಯೇ ನಾಗರಿ ಲಿಪಿಯಲ್ಲಿ ಟಿಪ್ಪಣಿ ಬರೆದು ಪುಣೆಗೆ ಕಳಿಸಿದೆ. ಪುಣೆಯ ಕಾರಕೂನರಿಗೆ ಕನ್ನಡ ಬಾರದು. ಅವರು ಅದನ್ನು ದಪ್ಪ ರಿಜಿಸ್ಟರಿನಲ್ಲಿ ಏರಿಸಿಬಿಟ್ಟರು: ‘ಸ್ಥಳೀಯ ಹೆಸರು, ಏನೂ ಅನ್ನೂದಿಲ್ರಿ.’ ಹೆಸರಿಗೇ ‘ರಿ’ ಹಚ್ಚಿಸಿಕೊಂಡ ಅಣಬೆ ಲೋಕದಲ್ಲಿ ಅದೊಂದೇ ಇರಬೇಕು.

೩. ನಾಗನೂರಿನ ಚಿಕಿತ್ಸೆ

ಕಂದುಬಣ್ಣದ ಒಂದು ಲೋಳೆ ಅಣಬೆ ಥೇಟ್ ಮನುಷ್ಯರ ಕಿವಿಯಂತಿರುತ್ತದೆ. ನಾಗನೂರಿನಲ್ಲಿ ಕೇಳಿದವರಿಗೆಲ್ಲ “ಕಿವಿ ಹುಡಕಾಕ ಬಂದೇನಿ” ಅಂದಿದ್ದೆ. ಸಂಜೆಯೊಳಗೆ ಊರಿಗೆ ಕಿವಿ ಡಾಕ್ಟರು ಬಂದಾರೆಂದು ಸುದ್ದಿಯಾಯಿತು. ಕಿವಿ ಕೇಳದ ಮುದುಕರೊಬ್ಬರು ಹೆಂಡತಿಯ ಜೊತೆ ನಾನಿಳಿದಿದ್ದ ಮನೆಗೆ ಬಂದರು.

“ಅಜ್ಜಾರ, ನಾ ಡಾಕ್ಟರ್ ಅಲ್ರಿ” ಎಂದು ಕೂಗಿದೆ.

“ಹೌದ್ರಿ, ಎಡಗಿವಿ.”

“ನಾ ಗಿಡದ ಕಿವಿ ನೋಡಾಂವ.”

“ಬಲಗಿವಿ ಹುಟ್ಟಾ ಕೇಳಾಂಗಿಲ್ರಿ. ಎಡಗಿವಿ ನೋಡ್ರಿ.”

ಬೇರೆ ದಾರಿ ಕಾಣದೆ ಅಣಬೆ ನೋಡುವ ಭೂತಗನ್ನಡಿ ಹಿಡಿದು ಇಣುಕಿದೆ. ಒಳಗೆ ಏನೋ ಬೆಳ್ಳಗೆ ಕಂಡಿತು. ಚಿಮಟಿಗೆಯಿಂದ ಮೆಲ್ಲಗೆ ಎಳೆದರೆ ಹತ್ತಿಯ ಉಂಡೆ. ಎಂದೋ ಥಂಡಿಗಾಳಿಗೆಂದು ತುರುಕಿ ಮರೆತುಬಿಟ್ಟಿದ್ದರು. ಹಿತ್ತಲಲ್ಲಿ ಕೋಳಿ ಕೂಗಿತು. “ಕೋಳಿ” ಅಂದರು ಅಜ್ಜ, ಕಣ್ಣು ಒರೆಸಿಕೊಂಡರು. ಅಣಬೆಗಿಂತ ಇದೇ ನನ್ನ ನಿಜವಾದ ವಿದ್ಯೆಯೇನೋ ಅನ್ನಿಸಿತು.

ಮರುದಿನ ಮುಂಜಾನೆ ಅಜ್ಜಿ ಒಬ್ಬರೇ ಬಂದರು. ಕೃತಜ್ಞತೆ ಹೇಳಲು ಬಂದಿರಬೇಕೆಂದು ಅಂಗಿ ಸರಿಮಾಡಿಕೊಂಡು ನಿಂತೆ.

“ನಿನ್ನೆ ತಗದ ಹತ್ತಿ ಒಗದೀರೇನ್ರಿ?”

“ಇಲ್ಲ ಅವ್ವಾ, ಇಲ್ಲೇ ಐತಿ. ಯಾಕ?”

“ತಿರುಗಿ ತುರುಕ್ರಿ. ಹತ್ತ ವರ್ಷ ನಾ ಬೈದದ್ದು ಅವರಿಗೆ ಕೇಳಿಲ್ಲ, ಸಂಸಾರ ಛಲೋ ನಡದಿತ್ತು. ನಿನ್ನೆಯಿಂದ ಒಂದೊಂದಕ್ಕೂ ಜವಾಬ ಕೊಡಾಕತ್ತಾರ.”